ವಾರಿಯ ಒಂದು ದಿನ: ಅಂಕಲಿಯ ಕುದುರೆ ಮತ್ತು ಕನ್ನಡದ ವಿಠ್ಠಲ

ಜ್ಯೇಷ್ಠ ಮಾಸ ಮುಗಿಯುತ್ತಾ ಬಂತು ಅಂದ್ರೆ ಮುಂಬೈ ಆಫೀಸುಗಳಲ್ಲಿ ಒಂದು ಮಾತು ಶುರುವಾಗುತ್ತೆ: "ಈ ಸಲ ಒಂದು ದಿನ ವಾರಿಗೆ ಹೋಗೋಣ್ವಾ?" ರಾತ್ರಿ ಬಸ್ಸಲ್ಲಿ ಪುಣೆಗೆ ಹೋಗೋದು, ಬೆಳಿಗ್ಗೆಯಿಂದ ಸಂಜೆಯವರೆಗೆ ಪಾಲಖಿಯ ಜೊತೆ ಸಾಸವಡದ ತನಕ ನಡೆಯೋದು, ಮರುದಿನ ಮತ್ತೆ ಐರೋಲಿಯಲ್ಲೋ ಪೊವಾಯಿಯಲ್ಲೋ ಲಾಗಿನ್ ಆಗೋದು. ನಮ್ಮ ಕನ್ನಡದ ಹುಡುಗರಲ್ಲಿ ಕೆಲವರು ಹಿಂಜರಿಯುತ್ತಾರೆ. "ಅದು ಮರಾಠಿಯವರದ್ದು, ನಮಗೇನು ಕೆಲಸ ಅಲ್ಲಿ?" ಅಂತ. ಇವತ್ತಿನ ಮಾತು ಆ ಪ್ರಶ್ನೆಯ ಬಗ್ಗೆ.

ಮೊದಲು ವಾರಿ ಅಂದ್ರೆ ಏನು ಅಂತ ಚುಟುಕಾಗಿ ಹೇಳ್ತೀನಿ. ಜ್ಞಾನೇಶ್ವರರ ಪಾದುಕೆಗಳು ಆಳಂದಿಯಿಂದ, ತುಕಾರಾಮರ ಪಾದುಕೆಗಳು ದೇಹೂವಿನಿಂದ ಪಾಲಖಿಯಲ್ಲಿ ಹೊರಟು ಆಷಾಢ ಏಕಾದಶಿಗೆ ಪಂಢರಪುರ ಸೇರುತ್ತವೆ. ಆಳಂದಿಯಿಂದ ಪಂಢರಪುರಕ್ಕೆ ಸುಮಾರು 250 ಕಿಲೋಮೀಟರ್, ಹೆಚ್ಚುಕಡಿಮೆ ಮೂರು ವಾರದ ನಡಿಗೆ. ನಡೆಯುವ ಗುಂಪಿಗೆ ದಿಂಡಿ ಅನ್ನುತ್ತಾರೆ, ನಡೆಯುವವರಿಗೆ ವಾರಕರಿ. ತುಕಾರಾಮರ ಮಗ ನಾರಾಯಣ ಮಹಾರಾಜರು 1685ರಲ್ಲಿ ಪಾಲಖಿಯ ಪದ್ಧತಿ ಆರಂಭಿಸಿದರು ಅನ್ನುವುದು ಪರಂಪರೆಯ ಮಾತು. ಆಳಂದಿಯ ಪಾಲಖಿಗೆ ಇವತ್ತಿರುವ ಶಿಸ್ತು ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ, ಸಾತಾರಾ ಸೀಮೆಯ ಹೈಬತ್‌ಬಾಬಾ ಅವರಿಂದ. ಅವರು ಗ್ವಾಲಿಯರಿನ ಶಿಂದೆಯವರ ದರ್ಬಾರಿನಲ್ಲಿದ್ದವರು. ಅದಕ್ಕೇ ಏನೋ, ಈ ಯಾತ್ರೆಯಲ್ಲಿ ದಂಡಿನ ಅಚ್ಚುಕಟ್ಟು ಕಾಣುತ್ತೆ. ಯಾವ ದಿಂಡಿ ರಥದ ಮುಂದೆ, ಯಾವುದು ಹಿಂದೆ, ಎಲ್ಲಕ್ಕೂ ನಂಬರ್ ಇದೆ.

ಈಗ ಕುದುರೆ ವಿಷಯಕ್ಕೆ ಬರೋಣ. ಮಾವುಲಿಯ, ಅಂದ್ರೆ ಜ್ಞಾನೇಶ್ವರರ, ಪಾಲಖಿಯ ಮುಂದೆ ಎರಡು ಕುದುರೆ ನಡೆಯುತ್ತವೆ. ಒಂದರ ಮೇಲೆ ಪತಾಕೆ ಹಿಡಿದ ಸವಾರ ಇರುತ್ತಾನೆ. ಇನ್ನೊಂದರ ಬೆನ್ನ ಮೇಲೆ ಯಾರೂ ಕೂರುವುದಿಲ್ಲ, ಅಲ್ಲಿ ಸ್ವತಃ ಮಾವುಲಿ ಕೂತಿದ್ದಾರೆ ಅಂತ ನಂಬಿಕೆ. ಜನ ಆ ಕುದುರೆಯ ಗೊರಸಿನ ಕೆಳಗಿನ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳುತ್ತಾರೆ. ಈ ಕುದುರೆಗಳು ಬರೋದು ಎಲ್ಲಿಂದ ಗೊತ್ತಾ? ನಮ್ಮ ಬೆಳಗಾವಿ ಜಿಲ್ಲೆಯ ಅಂಕಲಿಯಿಂದ! ಚಿಕ್ಕೋಡಿ ತಾಲೂಕು, ಕೃಷ್ಣಾ ದಂಡೆ. ಅಲ್ಲಿನ ಶಿತೋಳೆ ಸರದಾರರ ಮನೆತನಕ್ಕೆ ಹೈಬತ್‌ಬಾಬಾ ಕಾಲದಿಂದ ಈ ಸೇವೆಯ ಮಾನ. ಕುದುರೆಗಳನ್ನು ಲಾರಿಯಲ್ಲಿ ತರಲ್ಲ. ಅವೂ ಸುಮಾರು 300 ಕಿಲೋಮೀಟರ್ ನಡೆದುಕೊಂಡೇ ಆಳಂದಿಗೆ ಬರುತ್ತವೆ. ಪಾಲಖಿ ಹೊರಡುವ ಮೊದಲೇ ಒಂದು ಇಡೀ ಯಾತ್ರೆ ಕರ್ನಾಟಕದಿಂದ ಮುಗಿದಿರುತ್ತೆ.

1956ರಲ್ಲಿ ರಾಜ್ಯಗಳ ಗೆರೆ ಎಳೆದರು. 1967ರಲ್ಲಿ ಮಹಾಜನ್ ವರದಿ ಬಂತು. ಗಡಿಯ ಜಗಳ ಇವತ್ತಿಗೂ ಕೋರ್ಟಿನಲ್ಲಿದೆ, ಆಗಾಗ ಬಸ್ಸುಗಳ ಮೇಲೆ ಮಸಿ ಬೀಳುತ್ತೆ. ಕುದುರೆಗಳು ಮಾತ್ರ ಅದೇ ಗೆರೆಯನ್ನು ವರ್ಷಾ ವರ್ಷ ದಾಟುತ್ತವೆ.

ದೇವರ ಕಥೆಯೂ ಹಾಗೇ. ಪಂಢರಪುರದ ಗುಡಿಯಲ್ಲಿ 1237ರ ಒಂದು ಶಾಸನ ಇದೆ. ಸಂಸ್ಕೃತ ಮತ್ತು ಕನ್ನಡದ್ದು. ಹೊಯ್ಸಳ ಅರಸ ಸೋಮೇಶ್ವರ ವಿಠ್ಠಲನಿಗೆ ಒಂದು ಹಳ್ಳಿಯನ್ನು ದತ್ತಿ ಬಿಟ್ಟ ದಾಖಲೆ. ಜ್ಞಾನೇಶ್ವರರು ಹುಟ್ಟಿದ್ದು ಅದಕ್ಕಿಂತ ಸುಮಾರು 40 ವರ್ಷ ಆದಮೇಲೆ. ಅವರ ಹೆಸರಿನ ಒಂದು ಅಭಂಗ ವಿಠ್ಠಲನನ್ನು ಕನ್ನಡದವನು, ಕರ್ನಾಟಕದವನು ಅಂತಲೇ ಕರೆಯುತ್ತೆ. ಅಲ್ಲಿನ 'ಕಾನಡಾ' ಅನ್ನೋ ಪದಕ್ಕೆ 'ಅರ್ಥವಾಗದವನು' ಅಂತ ಅರ್ಥ ಹೇಳುವವರೂ ಇದ್ದಾರೆ. ನಮ್ಮ ಭಾಷೆ ಕೇಳಿ ಲೋಕಲ್ ಟ್ರೇನಿನಲ್ಲಿ ಪಕ್ಕದವರು ಮಾಡುವ ಮುಖ ನೆನಪಾದರೆ ಎರಡೂ ಅರ್ಥ ಸರಿ ಅನ್ಸುತ್ತೆ! ತಮಾಷೆ ಬಿಡಿ. ಭಂಡಾರಕರ್ ಅವರು 'ವಿಠ್ಠಲ' ಹೆಸರಿನ ಬೇರನ್ನು ವಿಷ್ಣುವಿನ ಕನ್ನಡ ರೂಪದಲ್ಲಿ ಹುಡುಕಿದರು. ಹೊಯ್ಸಳ ವಿಷ್ಣುವರ್ಧನನ ಮೊದಲ ಹೆಸರು ಬಿಟ್ಟಿದೇವ ಅನ್ನೋದನ್ನು ನೆನಪಿಸಿಕೊಳ್ಳಿ. ರಾ. ಚಿಂ. ಢೇರೆ ಮರಾಠಿಯಲ್ಲೇ ದೊಡ್ಡ ಗ್ರಂಥ ಬರೆದು ವಿಠ್ಠಲನ ಕರ್ನಾಟಕದ ನಂಟನ್ನು ವಿವರಿಸಿದರು. ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿದ್ದು ಆ ಗ್ರಂಥಕ್ಕೇ. ಇತ್ತ ನಮ್ಮ ಪುರಂದರದಾಸರ ಅಂಕಿತ ಯಾವುದು? ಪುರಂದರ ವಿಠಲ.

ಇಷ್ಟೆಲ್ಲ ಹೇಳಿ "ವಿಠ್ಠಲ ನಮ್ಮವನು, ನಿಮ್ಮವನಲ್ಲ" ಅಂತ ಮುಗಿಸಿದರೆ ಅದು ತಪ್ಪಾಗುತ್ತೆ. ಢೇರೆಯವರು ಕರೆದದ್ದು 'ಮಹಾಸಮನ್ವಯ' ಅಂತ, ಆಸ್ತಿ ಪತ್ರ ಅಂತ ಅಲ್ಲ.

ನಾನು ಆ ಒಂದು ದಿನ ನಡೆದವನು. ಪುಣೆಯಿಂದ ಸಾಸವಡದ ಹಾದಿ 30 ಕಿಲೋಮೀಟರ್ ಮೇಲೇ ಇದೆ. ಹಡಪ್ಸರದಲ್ಲಿ ಎರಡೂ ಪಾಲಖಿಗಳು ಬೇರೆಯಾಗುತ್ತವೆ. ತುಕಾರಾಮರದ್ದು ಲೋಣಿ ಕಾಳಭೋರದ ಕಡೆಗೆ, ಮಾವುಲಿಯದ್ದು ದಿವೆ ಘಾಟಿನ ಕಡೆಗೆ. ಘಾಟಿ ಏರಲು ರಥಕ್ಕೆ ಇನ್ನಷ್ಟು ಎತ್ತಿನ ಜೋಡಿ ಕಟ್ಟುತ್ತಾರೆ. ನನ್ನ ಕಾಲು ಅಲ್ಲಿಗೆ ಸೋತಿತ್ತು. ನೀರಿನ ಬಾಟಲಿ ಕೊಟ್ಟ ಅಜ್ಜಿ ಕೇಳಿದ್ದು ಒಂದೇ: "ಎಲ್ಲಿಂದ ಬಂದ್ರಿ ಮಾವುಲಿ?" ಅಲ್ಲಿ ಎಲ್ಲರೂ ಎಲ್ಲರಿಗೂ ಮಾವುಲಿ, ಅಂದ್ರೆ ತಾಯಿ. ನನ್ನ ಹರಕು ಮರಾಠಿಯನ್ನು ಯಾರೂ ತಿದ್ದಲಿಲ್ಲ.

ಆದರೆ ವಾರಿಯನ್ನು ಸ್ವರ್ಗ ಅಂತ ತಿಳೀಬೇಡಿ. ಸಮಾಜಶಾಸ್ತ್ರಜ್ಞೆ ಇರಾವತಿ ಕರ್ವೆ ತಾವೇ ನಡೆದು ಬರೆದಿದ್ದಾರೆ. ಒಂದೇ ದಾರಿ, ಒಂದೇ ಹಾಡು, ಆದರೆ ಜಾತಿಗೊಂದು ದಿಂಡಿ, ಊಟ ಬೇರೆ ಬೇರೆ. ಅದು ಅವರನ್ನು ಬಹಳ ಕಾಡಿತ್ತು. ಸಂತ ಚೋಖಾಮೇಳರ ಸಮಾಧಿ ಇವತ್ತಿಗೂ ಗುಡಿಯ ಮೆಟ್ಟಿಲ ಹೊರಗಿದೆ. ದಲಿತರಿಗೆ ಆ ಬಾಗಿಲು ತೆರೆಯಲು 1947ರಲ್ಲಿ ಸಾನೆ ಗುರೂಜಿ ಉಪವಾಸ ಕೂರಬೇಕಾಯ್ತು. ಪಂಢರಪುರಕ್ಕೆ ಹೋಗುವವರ ನಾಡೇ ಮಹಾರಾಷ್ಟ್ರ ಅಂತಲೂ ಕರ್ವೆ ಹೇಳಿದ್ದರು. ನಾನು ಅದಕ್ಕೆ ಸಣ್ಣದೊಂದು ಮಾತು ಸೇರಿಸ್ತೀನಿ: ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಿಂದಲೂ ಜನ ನಡೆದೇ ಹೋಗುತ್ತಾರೆ. ಹಾಗಾದರೆ ಆ ನಾಡಿನ ಗಡಿ ಎಲ್ಲಿ?

ಕೆಲಸಕ್ಕಾಗಿ ಬಂದು ಈ ಊರಲ್ಲಿರೋ ನಮಗೆ "ನೀವು ಯಾವ ಕಡೆಯವರು?" ಅನ್ನೋ ಪ್ರಶ್ನೆ ತಪ್ಪಿದ್ದಲ್ಲ. ಮರಾಠಿ ಕಲಿಯಿರಿ, ಕನ್ನಡ ಬಿಡಬೇಡಿ, ಎರಡೂ ಸೇರಿದರೇ ವಿಠ್ಠಲ. ರಜೆ ಸಿಗದಿದ್ದರೆ ಏಕಾದಶಿಯ ದಿನ ವಡಾಲಾದ ವಿಠ್ಠಲ ಮಂದಿರಕ್ಕೆ ಹೋಗಿ. ಪಂಢರಪುರಕ್ಕೆ ಹೋಗಲಾಗದ ಮುಂಬೈಯವರಿಗೆ ಅದೇ ಪ್ರತಿ ಪಂಢರಪುರ. ತಾಳ ಹಿಡಿದ ದಿಂಡಿಗಳು ಅಲ್ಲಿಗೂ ಬರುತ್ತವೆ, ನೀವೂ ಸೇರಿಕೊಳ್ಳಿ.

ನಿಮ್ಮ ಮನೆಯಿಂದ ಯಾರಾದರೂ ಪಂಢರಪುರಕ್ಕೆ ನಡೆದು ಹೋಗಿದ್ದರೆ, ಯಾವ ಊರಿಂದ, ಯಾವ ದಾರಿಯಲ್ಲಿ ಅಂತ ಅವರನ್ನು ಕೇಳಿ ಬರೆದಿಟ್ಟುಕೊಳ್ಳಿ. ಆ ಹಾದಿಗಳ ಚರಿತ್ರೆ ಇನ್ನೂ ಅಜ್ಜ ಅಜ್ಜಿಯರ ಬಾಯಲ್ಲೇ ಇದೆ.