ಸಾಲಪತ್ರವೂ ಸೂರೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಆದರೆ ಆ ಗಾದೆ ಕಟ್ಟಿದವನ ಕಣ್ಣ ಮುಂದೆ ಇದ್ದವನು ಒಂದಿಷ್ಟು ಗಂಟು ಉಳ್ಳವನು. ಇಲ್ಲವೆ ಅವನ ಮಾತಿಗೆ ಸಾಲ ಹುಟ್ಟುವಷ್ಟು ಹೊಲ ಉಳ್ಳವನು. ಗಂಟೂ ಇಲ್ಲದ, ಹೊಲವೂ ಇಲ್ಲದ ಕೂಲಿಯಾಳಿಗೆ ಮನೆ ಕಟ್ಟಿ ನೋಡೆಂದು ಹೇಳುವ ಧೈರ್ಯ ಗಾದೆಗೆ ಇರಲಿಲ್ಲ. ಆ ಧೈರ್ಯವನ್ನು ಇಪ್ಪತ್ತನೆಯ ಶತಮಾನದ ಸರ್ಕಾರಗಳು ತೋರಿದವು. ಅದಕ್ಕಾಗಿ ಅವು ಹಿಡಿದ ದಾರಿಗಳಲ್ಲಿ ಒಂದು ಸಾಲಪತ್ರದ ದಾರಿ. ಪೇಟೆಯ ಮಾತಿನಲ್ಲಿ ಇದೇ ಬಾಂಡ್, ಇದೇ ಡಿಬೆಂಚರು. ಬಡವರ ಸೂರಿಗೂ ಈ ಪತ್ರಕ್ಕೂ ಬೆಳೆದ ನಂಟಿನ ಕಥೆಯನ್ನು ಕುರಿತು ಇಂದು ನಾಲ್ಕು ಮಾತು.

ಹೊಳಲ್ಕೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ತಾಳ್ಯವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳೋಣ. ಅದು ಮಳೆಯ ಮುಖ ನೋಡಿ ಬಾಳುವ ಚಿತ್ರದುರ್ಗದ ಸೀಮೆ. ಈ ಸೀಮೆಯಲ್ಲಿ ಹಳೆಯ ಮನೆಯೆಂದರೆ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಬಡವನಿಗೆ ಗುಡಿಸಲು. ಎರಡಕ್ಕೂ ಬೇಕಾದದ್ದು ಊರ ಮಣ್ಣು, ಊರ ಹುಲ್ಲು, ನೆರೆಯವರ ಕೈ. ಹಣದ ಪಾತ್ರ ಅಲ್ಲಿ ಚಿಕ್ಕದು. ಇಟ್ಟಿಗೆ, ಸಿಮೆಂಟು, ಕಬ್ಬಿಣ ಬಂದ ಮೇಲೆ ಮನೆಯೆಂಬುದು ಪೇಟೆಯಿಂದ ಕೊಂಡು ತರುವ ವಸ್ತುವಾಯಿತು. ಬಡವನ ಸೂರಿಗೂ ರೊಕ್ಕ ಬೇಕಾಯಿತು. ‘ಜನತಾ ಮನೆ’, ‘ಆಶ್ರಯ ಮನೆ’ ಎಂಬ ಹೆಸರುಗಳು ನಮ್ಮ ಹಳ್ಳಿಗಳ ಆಡುಮಾತಿಗೆ ಸೇರಿದ್ದು ಹೀಗೆ. ಇಂಥ ಮನೆಗೆ ಹಣ ಎಲ್ಲಿಂದ ಬಂತೆಂದು ಕೇಳಿದರೆ ‘ಸರ್ಕಾರ ಕೊಟ್ಟಿತು’ ಎಂಬ ಉತ್ತರ ಬರುತ್ತದೆ. ಸರಿ, ಸರ್ಕಾರಕ್ಕೆ ಕೊಟ್ಟವರು ಯಾರು?

ಒಂದು ಪಾಲು ತೆರಿಗೆಯಿಂದ ಬಂತು. ಇನ್ನೊಂದು ಪಾಲು ಸಾಲದಿಂದ ಬಂತು. ಇಷ್ಟು ವರ್ಷಕ್ಕೆ ಅಸಲನ್ನು ತೀರಿಸುತ್ತೇವೆ, ಅಲ್ಲಿಯವರೆಗೆ ಇಷ್ಟು ಬಡ್ಡಿ ಕೊಡುತ್ತೇವೆ ಎಂದು ಸಾರ್ವಜನಿಕ ಸಂಸ್ಥೆಯೊಂದು ಬರೆದುಕೊಡುವ ಪತ್ರವೇ ಬಾಂಡ್. ಬಡ್ಡಿಯ ಲೆಕ್ಕ ನಮ್ಮ ನಾಡಿಗೆ ಹೊಸದೇನಲ್ಲ. ದೇವರ ನಂದಾದೀಪಕ್ಕೆಂದು ಊರ ಮಹಾಜನರ ಬಳಿ ಗದ್ಯಾಣಗಳನ್ನು ಇರಿಸಿ, ಅಸಲು ಕರಗದಂತೆ ಬಡ್ಡಿಯಿಂದಲೇ ಎಣ್ಣೆ ಸಲ್ಲಬೇಕೆಂದು ಕಟ್ಟಳೆ ಮಾಡಿದ ಶಾಸನಗಳು ಕನ್ನಡ ನಾಡಿನಲ್ಲಿ ಹಲವಿವೆ. ಅಲ್ಲಿ ಇದ್ದ ಹಣ ದೀಪ ಉರಿಸಿತು. ಇಲ್ಲಿ ಇನ್ನೂ ದುಡಿಯಬೇಕಾದ ಹಣ ಗೋಡೆ ಎತ್ತುತ್ತದೆ. ಎರಡರಲ್ಲಿಯೂ ಆಧಾರ ಒಂದೇ, ಅದು ಹೊಣೆ ಹೊತ್ತವನ ಮಾತು.

ನಮ್ಮ ದೇಶದಲ್ಲಿ ಈ ಪ್ರಯೋಗ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಮುಂಬಯಿಯಲ್ಲಿ. 1896ರಲ್ಲಿ ಆ ನಗರಕ್ಕೆ ಪ್ಲೇಗು ಬಡಿಯಿತು. ಗಾಳಿ ಬೆಳಕಿಲ್ಲದ ಕೇರಿಗಳನ್ನು ಹಸನು ಮಾಡಲು 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ಹುಟ್ಟಿತು. ಅದು ಡಿಬೆಂಚರುಗಳ ಮೂಲಕ ಸಾಲ ಎತ್ತಿತು. ಅಗಲ ರಸ್ತೆಗಳನ್ನು ಮಾಡಿತು. ಆದರೆ ಮನೆ ಕೊಟ್ಟವರಿಗಿಂತ ಮನೆ ಕಳೆದುಕೊಂಡವರೇ ಹೆಚ್ಚೆಂಬ ಅಪವಾದಕ್ಕೂ ಗುರಿಯಾಯಿತು. 1920ರಲ್ಲಿ ಗವರ್ನರ್ ಜಾರ್ಜ್ ಲಾಯ್ಡ್ ಅವರ ಕಾಲದಲ್ಲಿ ಇನ್ನೂ ದೊಡ್ಡ ಯೋಜನೆ ಬಂತು. ಸಾರ್ವಜನಿಕರಿಂದ ಅಭಿವೃದ್ಧಿ ಸಾಲ ಎತ್ತಿ, ನಗರಕ್ಕೆ ಬರುವ ಹತ್ತಿಯ ಬೇಲಿಗೆ ಒಂದು ರೂಪಾಯಿ ಸುಂಕ ಹಾಕಿ, ಗಿರಣಿ ಕಾರ್ಮಿಕರಿಗೆ 50,000 ಕೋಣೆಗಳನ್ನು ಕಟ್ಟುವ ಸಂಕಲ್ಪವದು. ಕಟ್ಟಿದ್ದು ವರ್ಲಿ, ನಾಯ್ಗಾಂವ್, ಡಿಲೈಲ್ ರಸ್ತೆ, ಶಿವಡಿಗಳಲ್ಲಿ 207 ಚಾಳುಗಳು. ಕೋಣೆಗಳು ಸುಮಾರು 16,000. ಕೋಣೆಯ ಅಳತೆ ಸುಮಾರು 160 ಚದರಡಿ.

ಕೋಣೆ ಸಿದ್ಧವಾದರೂ ಕಾರ್ಮಿಕರು ನೂಕುನುಗ್ಗಲಾಗಿ ಬರಲಿಲ್ಲ. ಸಾಲದ ಬಡ್ಡಿಗೆ ಸರಿಹೊಂದುವ ಬಾಡಿಗೆ ಅವರ ಕೈಗೆ ನಿಲುಕದು; ಇಳಿಸಿದ ಬಾಡಿಗೆಯೂ ಭಾರವೇ. ಹಲವು ಚಾಳುಗಳು ಗಿರಣಿಯಿಂದ ದೂರ. ಎಷ್ಟೋ ಕೋಣೆಗಳು ವರ್ಷಗಟ್ಟಲೆ ಖಾಲಿ ಬಿದ್ದವು. ವರ್ಲಿಯ ಚಾಳುಗಳು ಸತ್ಯಾಗ್ರಹದ ಕಾಲದಲ್ಲಿ ತಾತ್ಕಾಲಿಕ ಸೆರೆಮನೆಯಾದವು. ಬಡವರ ಸೂರಿಗೆಂದು ಎತ್ತಿದ ಸಾಲದಿಂದ ದೇಶಭಕ್ತರಿಗೆ ಸೆರೆ ದೊರಕಿತೆಂದರೆ ವಿಧಿಯ ವಿನೋದವಲ್ಲವೆ? ಗೋಡೆಗಳು ಮಾತ್ರ ಗಟ್ಟಿಯಾಗಿದ್ದವು. ಒಂದು ಶತಮಾನ ಬಾಳಿ, ಲಕ್ಷಾಂತರ ಸಂಸಾರಿಗರನ್ನು ಕಂಡು, ಈಚೆಗಷ್ಟೆ ಪುನರ್ನಿರ್ಮಾಣಕ್ಕಾಗಿ ಒಂದೊಂದಾಗಿ ಉರುಳುತ್ತಿವೆ.

ಇನ್ನು ನಮ್ಮ ನಾಡಿಗೆ ಬರೋಣ. 1898ರಲ್ಲಿ ಬೆಂಗಳೂರಿಗೂ ಪ್ಲೇಗು ಬಂತು; ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಆ ದಿನಗಳ ಫಲ. 1903ರಲ್ಲಿ ಮೈಸೂರಿಗೆ, 1945ರಲ್ಲಿ ಬೆಂಗಳೂರಿಗೆ ಸುಧಾರಣಾ ಮಂಡಲಿಗಳಾದವು. ಇವು ಮುಖ್ಯವಾಗಿ ನಿವೇಶನ ಹಂಚಿದವು; ನಿವೇಶನ ಕೊಂಡು ಮನೆ ಕಟ್ಟಬಲ್ಲವನಿಗೆ ಅದು ಸಾಕು. ಮನೆ ಕಟ್ಟಲಾರದವನ ಚಿಂತೆಗೆ 1956ರಲ್ಲಿ ಮೈಸೂರು ಗೃಹಮಂಡಲಿ ಬಂತು. 1962ರ ಕಾಯಿದೆಯಿಂದ ರೂಪುಗೊಂಡು ಇಂದು ಕರ್ನಾಟಕ ಗೃಹಮಂಡಲಿ ಎನಿಸಿಕೊಂಡಿರುವುದು ಅದರ ಉತ್ತರಾಧಿಕಾರಿಯೇ. ಇಂಥ ಮಂಡಲಿಗಳ ಡಿಬೆಂಚರಿಗೆ ರಾಜ್ಯ ಸರ್ಕಾರ ಜಾಮೀನು ನಿಲ್ಲುತ್ತಿತ್ತು. ಠೇವಣಿಯ ಒಂದು ಪಾಲನ್ನು ಸರ್ಕಾರಿ ಮತ್ತು ಅನುಮೋದಿತ ಪತ್ರಗಳಲ್ಲಿ ಇಡಲೇಬೇಕೆಂಬ ಕಟ್ಟಳೆ ಇದ್ದುದರಿಂದ ಬ್ಯಾಂಕುಗಳು ಅವನ್ನು ಕೊಂಡವು. 1956ರಲ್ಲಿ ಹುಟ್ಟಿದ ಜೀವ ವಿಮಾ ನಿಗಮವೂ ಕೊಂಡಿತು.

ಈ ವ್ಯವಸ್ಥೆಯಲ್ಲೊಂದು ಸೊಗಸಿದೆ. ಹೋಬಳಿ ಊರಿನ ಶಾಲಾ ಮೇಷ್ಟರು ತಿಂಗಳ ಸಂಬಳದಲ್ಲಿ ವಿಮೆಯ ಕಂತು ಕಟ್ಟುತ್ತಾರೆ. ಆ ಹಣ ಮುಂಬಯಿಯವರೆಗೆ ಹೋಗಿ, ಪತ್ರವಾಗಿ ಮಾರ್ಪಟ್ಟು, ಯಾವುದೋ ಊರಿನ ಗೋಡೆಯಾಗಿ ನಿಲ್ಲುತ್ತದೆ. ಮೇಷ್ಟರಿಗೆ ಮನೆಯ ಗುರುತಿಲ್ಲ, ಮನೆಯವರಿಗೆ ಮೇಷ್ಟರ ಗುರುತಿಲ್ಲ. ಆದರೆ ಸೊಗಸಿನ ಹಿಂದೆಯೇ ಒಂದು ಕೊರತೆ. ಪತ್ರಕ್ಕೆ ಬಡ್ಡಿ ಹುಟ್ಟಬೇಕಾದರೆ ಮನೆ ಪಡೆದವನು ಕಂತು ಕಟ್ಟಬೇಕು. ಆದ್ದರಿಂದ ಈ ಹಣಕ್ಕೆ ಸಂಬಳದವನ ಕಡೆಗೆ, ಪಟ್ಟಣದ ಕಡೆಗೆ ಹರಿಯುವುದೇ ಸಹಜ. ತಾಳ್ಯ ಸೀಮೆಯ ಕೂಲಿಕಾರನ ಕಡೆಗೆ ಅದನ್ನು ತಿರುಗಿಸಬೇಕಾದರೆ ಕಾಲುವೆ ತೋಡಬೇಕು.

ಆ ಕಾಲುವೆ ತೋಡಲು 1970ರ ಏಪ್ರಿಲ್‌ನಲ್ಲಿ, 2 ಕೋಟಿ ರೂಪಾಯಿ ಬಂಡವಾಳದೊಡನೆ, ಕೇಂದ್ರ ಸರ್ಕಾರ ಹುಡ್ಕೋ ಸಂಸ್ಥೆಯನ್ನು ಸ್ಥಾಪಿಸಿತು. ಅದರ ನೀತಿ ಸರಳ: ಪತ್ರಗಳ ಮೂಲಕ ಸಾಲ ಎತ್ತುವುದು, ಉಳ್ಳವರ ಮನೆಗೆ ಹೆಚ್ಚು ಬಡ್ಡಿ, ಇಲ್ಲದವರ ಮನೆಗೆ ಕಡಿಮೆ ಬಡ್ಡಿ ಹಾಕಿ ಸರಿದೂಗಿಸುವುದು. 1977-78ರಿಂದ ಅದು ಹಳ್ಳಿಯ ಮನೆಗಳಿಗೂ ಸಾಲ ಕೊಡತೊಡಗಿತು. ಕರ್ನಾಟಕದಲ್ಲಿ 1991-92ರಲ್ಲಿ ಆಶ್ರಯ ಯೋಜನೆ ಆರಂಭವಾಯಿತು. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಅದರ ಹೊಣೆ ಹೊತ್ತಿತು. ಆಶ್ರಯ ಮನೆಯ ವೆಚ್ಚದಲ್ಲಿ ಒಂದು ಭಾಗ ಸಹಾಯಧನ, ಇನ್ನೊಂದು ಭಾಗ ಹುಡ್ಕೋದಿಂದ ತಂದ ಸಾಲ.

ಸಾಲವೆಂದರೆ ತೀರಿಸಬೇಕು. ಮಳೆ ಕೈಕೊಟ್ಟ ವರ್ಷ ಕೂಲಿಯೇ ಇಲ್ಲದವನು ಕಂತನ್ನು ಎಲ್ಲಿಂದ ತರಬೇಕು? ಪತ್ರಕ್ಕೆ ಬರಗಾಲ ತಿಳಿಯದು. ಅದರ ಬಡ್ಡಿಯ ದಿನ ತಪ್ಪದು. ಮನೆಯವನು ಕಟ್ಟದಿದ್ದರೆ ಜಾಮೀನು ನಿಂತ ಸರ್ಕಾರ ಕಟ್ಟಬೇಕು. ಸರ್ಕಾರವೆಂದರೆ ಕೊನೆಗೆ ಬೆಂಕಿಪೆಟ್ಟಿಗೆಯಿಂದ ಹಿಡಿದು ಎಲ್ಲಕ್ಕೂ ತೆರಿಗೆ ಕೊಡುವ ಅದೇ ಜನ.

ಈಚಿನ ವರ್ಷಗಳಲ್ಲಿ ಈ ಸತ್ಯವನ್ನು ಒಪ್ಪಿಕೊಂಡಂತೆ ಇನ್ನೊಂದು ಬಗೆ ಕಾಣಿಸಿತು. 2017-18ರಿಂದ 2020-21ರವರೆಗೆ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಗಾಗಿ ನಬಾರ್ಡ್ ಸುಮಾರು 48,800 ಕೋಟಿ ರೂಪಾಯಿಯ ಸಾಲ ಎತ್ತಿತು. ಅಸಲು ಬಡ್ಡಿಗಳ ಪೂರ್ಣ ಹೊಣೆ ಕೇಂದ್ರ ಸರ್ಕಾರದ್ದು. ಮನೆಯವನ ತಲೆಯ ಮೇಲಿನ ಭಾರ ಇಳಿಯಿತು, ಇದು ಒಳ್ಳೆಯದೇ. ಆದರೆ ಆ ಸಾಲ ಬಜೆಟ್ಟಿನ ಕೊರತೆಯ ಲೆಕ್ಕಕ್ಕೆ ಸೇರದೆ ಹೊರಗೆ ನಿಂತಿತು. ಟೀಕೆಗಳು ಬಂದವು, 2021-22ರಿಂದ ಆ ರೂಢಿ ನಿಂತಿತು. ಬಡವನಿಗೆ ಸೂರು ಕೊಡುವುದು ಮುಚ್ಚಿಡಬೇಕಾದ ಖರ್ಚೇನಲ್ಲ. ಸಾಲ ಮಾಡಿಯಾದರೂ ಮಾಡಬೇಕಾದ ಕೆಲಸವೆಂದರೆ ಸಾಲವೆಂದೇ ಬರೆದು ಮಾಡುವುದು ಮರ್ಯಾದೆ.

ಈ ಚರಿತ್ರೆಯಿಂದ ನಮಗೆ ದಕ್ಕುವ ಅಳತೆಗೋಲುಗಳು ಮೂರು: ಪತ್ರದ ಅವಧಿ, ಗೋಡೆಯ ಆಯುಷ್ಯ, ಮನೆಯವನ ದುಡಿಮೆ. ಮುಂಬಯಿಯಲ್ಲಿ ಗೋಡೆ ಗಟ್ಟಿ, ದುಡಿಮೆಗೆ ಬಾಡಿಗೆ ಹೊಂದಲಿಲ್ಲ. ಹಳ್ಳಿಗಳಲ್ಲಿ ಸೋರುವ ತಾರಸಿಯ ದೂರು ಹೊಸದಲ್ಲ. ಇಪ್ಪತ್ತು ವರ್ಷದ ಸಾಲದಲ್ಲಿ ಕಟ್ಟಿದ ಮನೆ ಹತ್ತೇ ವರ್ಷಕ್ಕೆ ಬಿರುಕು ಬಿಟ್ಟರೆ, ಉಳಿದ ಹತ್ತು ವರ್ಷ ನಾಡು ಇಲ್ಲದ ಮನೆಗೆ ಬಡ್ಡಿ ತೆತ್ತಂತಾಯಿತು. ಮನೆ ನಿಂತರೂ ಹತ್ತಿರದಲ್ಲಿ ನೀರು, ಕೆಲಸ, ಶಾಲೆ ಇಲ್ಲದಿದ್ದರೆ ಬಾಗಿಲಿಗೆ ಬೀಗ ಬಿದ್ದು ಸಂಸಾರ ಗುಳೆ ಹೊರಡುತ್ತದೆ. ಆದ್ದರಿಂದ ಹೊಸ ಯೋಜನೆಯ ಸುದ್ದಿ ಬಂದಾಗ ಎಷ್ಟು ಮನೆ ಎಂದಷ್ಟೆ ಕೇಳಿ ಸುಮ್ಮನಾಗಬಾರದು. ಎಷ್ಟು ವರ್ಷದ ಸಾಲ, ಎಷ್ಟು ವರ್ಷದ ಗೋಡೆ, ತೀರಿಸುವವರು ಯಾರು ಎಂದೂ ಕೇಳಬೇಕು. ಈ ಮೂರು ಪ್ರಶ್ನೆಗೆ ನೆಟ್ಟಗೆ ಉತ್ತರ ಬಂದ ದಿನ, ಗಾದೆ ಮರೆತಿದ್ದ ಆ ಕೂಲಿಯಾಳಿಗೂ ‘ಮನೆ ಕಟ್ಟಿ ನೋಡು’ ಎಂದು ನಾವು ಅಳುಕಿಲ್ಲದೆ ಹೇಳಬಹುದು.