ಜೆಸ್ವಿಟ್ ಶಾಲೆಗಳ ಸಮಾನ ಪರೀಕ್ಷೆ

ಪರೀಕ್ಷೆಗೆ ವೇಳೆಗೆ ಸರಿಯಾಗಿ ಬರಬೇಕು. ಬೇಕಾದ ಸಾಮಗ್ರಿಯನ್ನು ತಾನೇ ತರಬೇಕು, ಪಕ್ಕದವನನ್ನು ಕೇಳಕೂಡದು. ಹೊರಗೆ ಹೋಗಬೇಕಾಗಿ ಬಂದರೆ ಬರೆದ ಹಾಳೆಯನ್ನು ಮೇಲ್ವಿಚಾರಕನಿಗೆ ಒಪ್ಪಿಸಿ ಹೋಗಬೇಕು. ಈ ಕಟ್ಟಳೆಗಳು ನಿನ್ನೆ ಮೊನ್ನೆಯವೆಂದು ನಾವು ತಿಳಿದಿರುತ್ತೇವೆ. ಆದರೆ ಇವೆಲ್ಲವೂ 1599ರಲ್ಲಿ ರೋಮಿನಿಂದ ಹೊರಟ ‘ರೇಷಿಯೊ ಸ್ಟುಡಿಯೋರಂ’ ಎಂಬ ಲ್ಯಾಟಿನ್ ನಿಯಮಗ್ರಂಥದಲ್ಲಿವೆ. ಇಬ್ಬರ ಬರಹ ಒಂದೇ ತೆರನಾಗಿದ್ದರೆ ಇಬ್ಬರನ್ನೂ ಶಂಕಿಸಬೇಕು, ಕದ್ದವನು ಯಾರೆಂದು ತಿಳಿಯುವ ಬಗೆಯಿಲ್ಲ ಎಂದೂ ಅದು ಹೇಳುತ್ತದೆ. ಮೂರು ದಶಕ ಉತ್ತರಪತ್ರಿಕೆಗಳನ್ನು ತಿದ್ದಿದ ನನಗೆ ಇದನ್ನು ಓದಿದಾಗ ನಗು ಬಂತು. ನಮ್ಮ ಸಂಕಟಕ್ಕೆ ನಾಲ್ಕು ಶತಮಾನದ ವಯಸ್ಸು!

ಈ ಗ್ರಂಥ ಯೇಸುಸಭೆಯವರದು, ಎಂದರೆ ಜೆಸ್ವಿಟ್ ಪಾದ್ರಿಗಳದು. 1548ರಲ್ಲಿ ಸಿಸಿಲಿಯ ಮೆಸ್ಸೀನಾದಲ್ಲಿ ಅವರು ಶಾಲೆಯೊಂದನ್ನು ತೆರೆದರು. ಐವತ್ತು ವರ್ಷ ತುಂಬುವುದರೊಳಗೆ ಶಾಲೆಗಳ ಸಂಖ್ಯೆ ಇನ್ನೂರನ್ನು ದಾಟಿತ್ತು. ಅಧ್ಯಾಪಕರು ಊರಿಂದೂರಿಗೆ ವರ್ಗವಾಗುತ್ತಿದ್ದರು. ಒಂದೆಡೆ ಮೇಲಿನ ತರಗತಿಗೆ ಅರ್ಹನೆನಿಸಿದವನು ಇನ್ನೊಂದೆಡೆಯೂ ಅರ್ಹನೇ ಎಂದು ಹೇಳುವುದು ಹೇಗೆ? ಸಭೆಯ ಮುಖ್ಯಸ್ಥ ಕ್ಲಾಡಿಯೋ ಅಕ್ವವೀವನು 1584ರಲ್ಲಿ ಬೇರೆಬೇರೆ ನಾಡುಗಳ ಆರು ಮಂದಿಯನ್ನು ರೋಮಿಗೆ ಕರೆಸಿ ಕರಡೊಂದನ್ನು ಸಿದ್ಧಪಡಿಸಿದನು. 1586ರ ಆ ಕರಡು ಎಲ್ಲ ಪ್ರಾಂತಗಳಿಗೂ ಹೋಯಿತು, ಆಕ್ಷೇಪಗಳನ್ನು ಹೊತ್ತು ಹಿಂದಿರುಗಿತು. 1591ರಲ್ಲಿ ಇನ್ನೊಂದು. ಮೂರನೆಯದೇ ನಿಂತದ್ದು. ವಿಧೇಯತೆಗೆ ಹೆಸರಾದ ಸಂಘವೊಂದು ಸಮಾನ ಪರೀಕ್ಷೆಯ ವಿಷಯದಲ್ಲಿ ಮಾತ್ರ ಪಾಠ ಹೇಳುವವರ ಮಾತಿಗೆ ಹದಿನೈದು ವರ್ಷ ಕಿವಿಗೊಟ್ಟಿತು ಎಂಬುದು ನನಗೆ ಬಲು ಅಪರೂಪವಾಗಿ ಕಾಣುತ್ತದೆ.

ಸಮಾನವೆಂದರೆ ಎಲ್ಲೆಡೆಯೂ ಒಂದೇ ಪ್ರಶ್ನೆಪತ್ರಿಕೆ ಎಂದಲ್ಲ. ತರಗತಿಯ ಮಟ್ಟ ಒಂದು, ಪರೀಕ್ಷೆಯ ಕ್ರಮ ಒಂದು. ಹುಡುಗನು ಮೊದಲು ಲ್ಯಾಟಿನ್ನಿನಲ್ಲಿ ಗದ್ಯ ಬರೆಯಬೇಕು. ಅನಂತರ ಮೂವರು ಪರೀಕ್ಷಕರ ಮುಂದೆ ನಿಂತು ತನ್ನ ಬರಹದ ತಪ್ಪುಗಳನ್ನು ತಾನೇ ತಿದ್ದಿ, ಮೀರಿದ ಸೂತ್ರ ಯಾವುದೆಂದು ಹೇಳಬೇಕು. ಅಧ್ಯಾಪಕನು ಕೊಟ್ಟ ಪಟ್ಟಿಯೂ ಅವರ ಮುಂದಿರುತ್ತಿತ್ತು; ಉತ್ತಮ, ಒಳ್ಳೆಯವನು, ಸಾಧಾರಣ, ಸಂದೇಹಾಸ್ಪದ ಎಂದು ಮೊದಲಾಗಿ ಆರು ದರ್ಜೆಗಳು ಅದರಲ್ಲಿ. ತೀರ್ಮಾನ ಕಷ್ಟವಾದಾಗ ಹುಡುಗನ ದಿನದಿನದ ಬರಹಗಳನ್ನು ತರಿಸಿ ನೋಡಬೇಕು. ಅವನ ವಯಸ್ಸು, ಆ ತರಗತಿಯಲ್ಲಿ ಕಳೆದ ಕಾಲ, ಬುದ್ಧಿ, ಶ್ರಮ ಇವನ್ನೆಲ್ಲ ಎಣಿಸಬೇಕು. ಇಡೀ ಗ್ರಂಥದಲ್ಲಿ ನನಗೆ ಮೆಚ್ಚಾದ ನಿಯಮವಿದು.

ಮೆಚ್ಚಲಾಗದ್ದೂ ಉಂಟು. ಆ ಪರೀಕ್ಷೆಯಲ್ಲಿ ತಾಯ್ನುಡಿಗೆ ಇದ್ದ ಕೆಲಸ ಒಂದೇ: ವ್ಯಾಕರಣದ ತರಗತಿಯವರಿಗೆ ಲ್ಯಾಟಿನ್ನಿಗೆ ತಿರುಗಿಸಲು ಒಂದಿಷ್ಟು ವಾಕ್ಯಗಳನ್ನು ಒದಗಿಸುವುದು. ಸರ್ವಾಂಟಿಸನ ಸ್ಪಾನಿಷ್ ಭಾಷೆ ತುಂಬು ಹರೆಯದಲ್ಲಿದ್ದ ಕಾಲವದು! ಪರೀಕ್ಷೆಗಿಲ್ಲದ್ದಕ್ಕೆ ಪಾಠದಲ್ಲಿ ಎಷ್ಟು ಎಡೆ ಸಿಗುತ್ತದೆಂಬುದು ಕನ್ನಡ ಕಲಿಸಿದ ನಮಗೆ ಹೊಸತಲ್ಲ. ನಡುವೆ 1773ರಲ್ಲಿ ಪೋಪ್ ಈ ಸಂಘವನ್ನೇ ರದ್ದುಪಡಿಸಿದನು. 1814ರಲ್ಲಿ ಅದು ಮರಳಿ ಜೀವ ತಳೆಯಿತು. ತಾಯ್ನುಡಿಗೆ ನಿಯಮಗಳಲ್ಲಿ ತಕ್ಕ ಎಡೆ ದೊರೆತದ್ದು 1832ರ ಪರಿಷ್ಕರಣದಲ್ಲಿ.

ಇದೇ ಪರಂಪರೆಯ ಇಟಲಿಯ ಪಾದ್ರಿಗಳು 1880ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಷಿಯಸ್ ಕಾಲೇಜನ್ನು ತೆರೆದರು. ಅಷ್ಟರಲ್ಲಿ ಈ ಕಡೆ ಸಮಾನ ಪರೀಕ್ಷೆಯ ಒಡೆತನ ಬೇರೆಯವರದಾಗಿತ್ತು. 1857ರಲ್ಲಿ ಹುಟ್ಟಿದ ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗಳಿಗೇ ಅವರೂ ಹುಡುಗರನ್ನು ಅಣಿಗೊಳಿಸಬೇಕಾಯಿತು. ಸಂದೇಹದ ಹುಡುಗನ ವಯಸ್ಸೆಷ್ಟು, ವರ್ಷವಿಡೀ ಅವನು ಬರೆದದ್ದೇನು ಎಂದು ಮಂಗಳೂರಿನ ಗುರುವನ್ನು ಕೇಳುವ ಏರ್ಪಾಟು ಅಲ್ಲಿರಲಿಲ್ಲ. ದೂರದ ಪರೀಕ್ಷಕನ ಮುಂದಿದ್ದುದು ಉತ್ತರಪತ್ರಿಕೆಯಷ್ಟೆ.