ಪರಿಮಾಣಕ (ಗಣಿತ ಬರವಣಿಗೆ)

ಪರಿಮಾಣಕ ಎಂದರೆ ಒಂದು ಹೇಳಿಕೆಯು ಎಷ್ಟು ವಸ್ತುಗಳಿಗೆ ಸಲ್ಲುತ್ತದೆ ಎಂಬುದನ್ನು ತಿಳಿಸುವ ತಾರ್ಕಿಕ ಪದ ಅಥವಾ ಚಿಹ್ನೆ. ಗಣಿತದಲ್ಲಿ ಮುಖ್ಯವಾಗಿ ಎರಡು ಪರಿಮಾಣಕಗಳು ಬಳಕೆಯಲ್ಲಿವೆ. 'ಪ್ರತಿಯೊಂದಕ್ಕೂ', 'ಎಲ್ಲಕ್ಕೂ' ಎಂಬ ಅರ್ಥವುಳ್ಳದ್ದು ಸಾರ್ವತ್ರಿಕ ಪರಿಮಾಣಕ (∀). 'ಕನಿಷ್ಠ ಒಂದಾದರೂ ಇದೆ' ಎಂಬ ಅರ್ಥವುಳ್ಳದ್ದು ಅಸ್ತಿತ್ವ ಪರಿಮಾಣಕ (∃). ಕನ್ನಡ ವ್ಯಾಕರಣದಲ್ಲಿ ಅಷ್ಟು, ಇಷ್ಟು, ಎಷ್ಟು ಮೊದಲಾದ ಪದಗಳಿಗಿರುವ 'ಪರಿಮಾಣವಾಚಕ' ಎಂಬ ಹೆಸರು ಇದಕ್ಕೆ ಸಮೀಪದ್ದಾದರೂ ಎರಡನ್ನೂ ಒಂದೆಂದು ಭಾವಿಸಬಾರದು. ಇಲ್ಲಿ ಪ್ರಮಾಣವನ್ನು ಅಳೆಯುವ ಮಾತಿಲ್ಲ. ಹೇಳಿಕೆಯ ವ್ಯಾಪ್ತಿಯನ್ನು ಗೊತ್ತುಪಡಿಸುವುದಷ್ಟೇ ಇದರ ಕೆಲಸ.

== ಹಿನ್ನೆಲೆ ==

'ಎಲ್ಲ', 'ಕೆಲವು' ಎಂಬ ಪದಗಳನ್ನು ಆಧರಿಸಿದ ತರ್ಕವನ್ನು ಅರಿಸ್ಟಾಟಲ್ ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿಯೇ ವ್ಯವಸ್ಥಿತಗೊಳಿಸಿದನು. ಆದರೆ ಒಂದೇ ವಾಕ್ಯದಲ್ಲಿ ಒಂದರೊಳಗೊಂದು ಹೆಣೆದುಕೊಂಡಿರುವ ಪರಿಮಾಣಕಗಳನ್ನು ನಿಭಾಯಿಸುವ ಶಕ್ತಿ ಆ ತರ್ಕಕ್ಕೆ ಇರಲಿಲ್ಲ. ಅದನ್ನು ಒದಗಿಸಿದವನು ಜರ್ಮನಿಯ ಗಾಟ್ಲೋಬ್ ಫ್ರೇಗೆ, 1879ರಲ್ಲಿ. ∃ ಚಿಹ್ನೆಯನ್ನು 1897ರಲ್ಲಿ ಇಟಲಿಯ ಪಿಯಾನೊ ಬಳಸಿದನು. ∀ ಚಿಹ್ನೆಯನ್ನು 1935ರಲ್ಲಿ ಗೆರ್ಹಾರ್ಡ್ ಗೆಂಟ್ಸೆನ್ ಬಳಕೆಗೆ ತಂದನು.

== ಪರಿಮಾಣಕಗಳ ಕ್ರಮ ==

ಎರಡು ಪರಿಮಾಣಕಗಳು ಒಟ್ಟಿಗೆ ಬಂದಾಗ ಅವುಗಳ ಕ್ರಮ ಬದಲಾದರೆ ಅರ್ಥವೂ ಬದಲಾಗಬಹುದು. ಕೆಳಗಿನ ಎರಡು ವಾಕ್ಯಗಳನ್ನು ಗಮನಿಸಿ.

ಪ್ರತಿ ಸ್ವಾಭಾವಿಕ ಸಂಖ್ಯೆಗೂ ಅದಕ್ಕಿಂತ ದೊಡ್ಡದಾದ ಸಂಖ್ಯೆಯೊಂದು ಇದೆ.
ಎಲ್ಲ ಸ್ವಾಭಾವಿಕ ಸಂಖ್ಯೆಗಳಿಗಿಂತಲೂ ದೊಡ್ಡದಾದ ಸಂಖ್ಯೆಯೊಂದು ಇದೆ.

ಮೊದಲನೆಯದು ಸತ್ಯ, ಕೊಟ್ಟ ಸಂಖ್ಯೆಗೆ 1ನ್ನು ಕೂಡಿಸಿದರೆ ಸಾಕು. ಎರಡನೆಯದು ಸ್ವಾಭಾವಿಕ ಸಂಖ್ಯೆಗಳಲ್ಲಿ ಅಸತ್ಯ. ಮೊದಲ ವಾಕ್ಯದಲ್ಲಿ ದೊಡ್ಡ ಸಂಖ್ಯೆಯು ಕೊಟ್ಟ ಸಂಖ್ಯೆಯನ್ನು ಅವಲಂಬಿಸಿ ಬದಲಾಗುತ್ತದೆ. ಎರಡನೆಯದರಲ್ಲಿ ಎಲ್ಲಕ್ಕೂ ಅದೊಂದೇ.

ಈ ಭೇದವನ್ನು ತೋರಿಸಲು ಕನ್ನಡದಲ್ಲಿ ಸಹಜವಾದ ಸಾಧನವೇ ಇದೆ. 'ಒಂದೊಂದು' ಎಂಬ ದ್ವಿರುಕ್ತಿಯು ಪ್ರತಿಯೊಂದಕ್ಕೂ ಬೇರೆ ಬೇರೆ ಎಂಬುದಕ್ಕೆ ಎಡೆಗೊಡುತ್ತದೆ. 'ಒಂದೇ' ಎಂಬ ಅವಧಾರಣೆಯು ಅದನ್ನು ಮುಚ್ಚಿಬಿಡುತ್ತದೆ. 'ಪ್ರತಿ ಬೀಗಕ್ಕೂ ಒಂದೊಂದು ಕೀಲಿಕೈ', 'ಎಲ್ಲ ಬೀಗಗಳಿಗೂ ಒಂದೇ ಕೀಲಿಕೈ' ಎಂಬುವುಗಳಲ್ಲಿ ಗೊಂದಲಕ್ಕೆ ಅವಕಾಶವಿಲ್ಲ. ಕನ್ನಡದಲ್ಲಿ ಗಣಿತ ಬರೆಯುವವರು ಇದನ್ನು ಇನ್ನೂ ಧಾರಾಳವಾಗಿ ಬಳಸಬಹುದು.

ಕ್ರಮಭೇದವು ಕೇವಲ ವ್ಯಾಕರಣದ ಸೂಕ್ಷ್ಮವಲ್ಲ. ಅವಿಚ್ಛಿನ್ನ ಫಲನಗಳಿಂದಾದ ಅಭಿಸರಣ ಶ್ರೇಣಿಯ ಮೊತ್ತವೂ ಅವಿಚ್ಛಿನ್ನವಾಗಿರುತ್ತದೆ ಎಂದು ಫ್ರಾನ್ಸಿನ ಕೋಶಿ 1821ರಲ್ಲಿ ಪ್ರತಿಪಾದಿಸಿದನು. ಈ ಪ್ರಮೇಯಕ್ಕೆ ಅಪವಾದಗಳಿವೆ ಎಂದು ನಾರ್ವೆಯ ಅಬೆಲ್ 1826ರಲ್ಲಿ ಉದಾಹರಣೆಸಹಿತ ತೋರಿಸಿದನು. ತೊಡಕು ಎಲ್ಲಿದೆ ಎಂಬುದನ್ನು ಇನ್ನೂ ಸರಳವಾದ ಒಂದು ಉದಾಹರಣೆಯಿಂದ ತಿಳಿಯಬಹುದು. 0 ಮತ್ತು 1ರ ನಡುವಿನ ಸಂಖ್ಯೆಯೊಂದನ್ನು ಮತ್ತೆ ಮತ್ತೆ ಅದರಿಂದಲೇ ಗುಣಿಸುತ್ತ ಹೋದರೆ ಅದರ ಘಾತಗಳು ಸೊನ್ನೆಯನ್ನು ಸಮೀಪಿಸುತ್ತವೆ. ಘಾತವು 1/100ಕ್ಕಿಂತ ಕಡಿಮೆಯಾಗಬೇಕಾದರೆ 1/2ಕ್ಕೆ 7ನೆಯ ಘಾತ ಸಾಕು, 9/10ಕ್ಕೆ 44ನೆಯದು ಬೇಕು, 99/100ಕ್ಕೆ 459ನೆಯದು. ಪ್ರತಿ ಸಂಖ್ಯೆಗೂ ಒಂದೊಂದು ಘಟ್ಟವುಂಟು, ಆದರೆ ಎಲ್ಲಕ್ಕೂ ಸಲ್ಲುವ ಒಂದೇ ಘಟ್ಟವಿಲ್ಲ. 1ರ ಘಾತಗಳಾದರೋ ಎಂದಿಗೂ 1 ಆಗಿಯೇ ಉಳಿಯುತ್ತವೆ. ಹೀಗಾಗಿ ಪ್ರತಿ ಘಾತವೂ ಅವಿಚ್ಛಿನ್ನ ಫಲನವಾಗಿದ್ದರೂ ಅವುಗಳ ಪರಿಮಿತಿಯು 1ರ ಬಳಿ ಸೊನ್ನೆಯಿಂದ ಒಂದಕ್ಕೆ ಜಿಗಿಯುತ್ತದೆ.

'ಒಂದೇ ಘಟ್ಟ' ಇರಬೇಕೆಂಬ ಬಲವಾದ ನಿಬಂಧನೆಗೆ ಏಕರೂಪ ಅಭಿಸರಣ ಎಂದು ಹೆಸರು. 1840ರ ದಶಕದ ಕೊನೆಯಲ್ಲಿ ಸ್ಟೋಕ್ಸ್ ಮತ್ತು ಸೈಡೆಲ್ ಇದರ ಸುಳಿವನ್ನು ಹಿಡಿದರು. ಕೋಶಿಯೇ 1853ರಲ್ಲಿ ತನ್ನ ಪ್ರಮೇಯವನ್ನು ಪರಿಷ್ಕರಿಸಿದನು. ವಯರ್‌ಸ್ಟ್ರಾಸ್‌ನ ಬೋಧನೆಯಿಂದ ಅದು ವಿಶ್ಲೇಷಣ ಗಣಿತದಲ್ಲಿ ನೆಲೆಯೂರಿತು. 1821ರಲ್ಲಿ ಕೋಶಿಯ ಮನಸ್ಸಿನಲ್ಲಿದ್ದ ಅರ್ಥ ಯಾವುದೆಂಬ ಬಗ್ಗೆ ಇತಿಹಾಸಕಾರರಲ್ಲಿ ಈಗಲೂ ಭಿನ್ನಾಭಿಪ್ರಾಯವಿದೆ. ಪರಿಮಾಣಕಗಳನ್ನು ಬಿಡಿಸಿ ಬರೆದಿದ್ದರೆ ಆ ಚರ್ಚೆಗೆ ಆಸ್ಪದವಿರುತ್ತಿರಲಿಲ್ಲ.

== 'ಯಾವುದೇ' ಎಂಬ ಪದ ==

ಶಾಲಾ ಗಣಿತದಲ್ಲಿ ಅತಿ ಹೆಚ್ಚು ತೊಂದರೆ ಕೊಡುವ ಪದ ಬಹುಶಃ ಇದೇ. 'ಯಾವುದೇ ಎರಡು ಬೆಸ ಸಂಖ್ಯೆಗಳ ಮೊತ್ತವು ಸಮಸಂಖ್ಯೆ ಎಂದು ಸಾಧಿಸಿ' ಎಂಬ ಪ್ರಶ್ನೆಗೆ '3 + 5 = 8, ಆದ್ದರಿಂದ ಸಾಧಿಸಿದೆ' ಎಂದು ಬರೆಯುವ ವಿದ್ಯಾರ್ಥಿಗಳು ಪ್ರತಿ ವರ್ಷವೂ ಸಿಗುತ್ತಾರೆ. ಅವರನ್ನು ಪೂರ್ತಿಯಾಗಿ ದೂರಲಾಗದು. ಅದೇ ಪ್ರಶ್ನೆಪತ್ರಿಕೆಯ ಮೇಲ್ಭಾಗದಲ್ಲಿ 'ಯಾವುದಾದರೂ ಐದು ಪ್ರಶ್ನೆಗಳಿಗೆ ಉತ್ತರಿಸಿ' ಎಂದಿರುತ್ತದೆ. ಅಲ್ಲಿ ಆಯ್ಕೆ ವಿದ್ಯಾರ್ಥಿಯದು. ಪ್ರಮೇಯದಲ್ಲಿ ಆಯ್ಕೆ ಎದುರಾಳಿಯದು: ಆತ ಯಾವ ಎರಡು ಬೆಸ ಸಂಖ್ಯೆಗಳನ್ನು ಕೊಟ್ಟರೂ ಮೊತ್ತ ಸಮವಾಗಿರಬೇಕು. ಇಂತಹ ಕಡೆ 'ಪ್ರತಿ', 'ಎಲ್ಲ' ಎಂದು ಬರೆಯುವುದು ಲೇಸು.

ಉದಾಹರಣೆಗಳು ಎಷ್ಟಿದ್ದರೂ ಸಾಧನೆಯಾಗವು. ಆಯ್ಲರ್ 1772ರಲ್ಲಿ ಗಮನಿಸಿದ ಕ² − ಕ + 41 ಎಂಬ ಉಕ್ತಿಯು ಕ = 1ರಿಂದ 40ರವರೆಗೆ ಪ್ರತಿ ಬಾರಿಯೂ ಅವಿಭಾಜ್ಯ ಸಂಖ್ಯೆಯನ್ನೇ ಕೊಡುತ್ತದೆ. ಕ = 41 ಆದಾಗ ಬರುವ ಬೆಲೆ 41².

'ಕೆಲವು' ಎಂಬುದೂ ಎಚ್ಚರ ಬೇಡುವ ಪದವೇ. ಆಡುಮಾತಿನಲ್ಲಿ 'ಕೆಲವರು ಬಂದರು' ಎಂದರೆ ಎಲ್ಲರೂ ಬರಲಿಲ್ಲ ಎಂಬ ಧ್ವನಿಯುಂಟು. ತರ್ಕದಲ್ಲಿ ಆ ಧ್ವನಿಯಿಲ್ಲ; ಕನಿಷ್ಠ ಒಂದಿದ್ದರೆ ಸಾಕು, ಎಲ್ಲವೂ ಇದ್ದರೂ ಬಾಧಕವಿಲ್ಲ.

== ನಿಷೇಧ ==

'ಎಲ್ಲ ವಿದ್ಯಾರ್ಥಿಗಳೂ ತೇರ್ಗಡೆಯಾಗಲಿಲ್ಲ' ಎಂಬ ವಾಕ್ಯಕ್ಕೆ ಎರಡು ಅರ್ಥಗಳಿವೆ: ಒಬ್ಬರೂ ತೇರ್ಗಡೆಯಾಗಲಿಲ್ಲ, ಅಥವಾ ಕನಿಷ್ಠ ಒಬ್ಬರು ತೇರ್ಗಡೆಯಾಗಲಿಲ್ಲ. ಆಡುವಾಗ ದನಿಯ ಏರಿಳಿತದಿಂದ ತಿಳಿಯುವುದು ಬರಹದಲ್ಲಿ ತಿಳಿಯದು. ಗಣಿತದಲ್ಲಿ ಸಾರ್ವತ್ರಿಕ ಹೇಳಿಕೆಯ ನಿಷೇಧವು ಅಸ್ತಿತ್ವ ಹೇಳಿಕೆಯಾಗುತ್ತದೆ, ಅಸ್ತಿತ್ವ ಹೇಳಿಕೆಯ ನಿಷೇಧವು ಸಾರ್ವತ್ರಿಕವಾಗುತ್ತದೆ. 'ಎಲ್ಲ ಅವಿಭಾಜ್ಯ ಸಂಖ್ಯೆಗಳೂ ಬೆಸ' ಎಂಬುದರ ನಿಷೇಧ 'ಯಾವ ಅವಿಭಾಜ್ಯ ಸಂಖ್ಯೆಯೂ ಬೆಸವಲ್ಲ' ಎಂಬುದಲ್ಲ. 'ಬೆಸವಲ್ಲದ ಅವಿಭಾಜ್ಯ ಸಂಖ್ಯೆ ಒಂದಾದರೂ ಇದೆ' ಎಂಬುದು. 2 ಅಂತಹ ಸಂಖ್ಯೆ. ಇದಕ್ಕೆ ಪ್ರತ್ಯುದಾಹರಣೆ ಎನ್ನುತ್ತಾರೆ.

== ವ್ಯಾಪ್ತಿ ಮತ್ತು ಶೂನ್ಯಗಣ ==

ಪರಿಮಾಣಕವು ಯಾವ ಗಣಕ್ಕೆ ಸಂಬಂಧಿಸಿದ್ದು ಎಂಬುದನ್ನು ಹೇಳದಿದ್ದರೆ ಹೇಳಿಕೆ ಅಪೂರ್ಣ. 'ಪ್ರತಿ ಸಂಖ್ಯೆಯ ವರ್ಗವೂ ಆ ಸಂಖ್ಯೆಗಿಂತ ಕಡಿಮೆಯಲ್ಲ' ಎಂಬುದು ಪೂರ್ಣಾಂಕಗಳಲ್ಲಿ ಸತ್ಯ, ಭಿನ್ನರಾಶಿಗಳನ್ನು ಸೇರಿಸಿದರೆ ಅಸತ್ಯ. 1/2ರ ವರ್ಗ 1/4. ಗಣವು ಶೂನ್ಯವಾಗಿದ್ದರೆ ಅದರ ಬಗೆಗಿನ ಪ್ರತಿ ಸಾರ್ವತ್ರಿಕ ಹೇಳಿಕೆಯೂ ಸತ್ಯವೆಂದೇ ಗಣನೆ. '2ಕ್ಕಿಂತ ದೊಡ್ಡದಾದ ಎಲ್ಲ ಸಮ ಅವಿಭಾಜ್ಯ ಸಂಖ್ಯೆಗಳೂ 7ರಿಂದ ಭಾಗವಾಗುತ್ತವೆ' ಎಂಬುದು ವಿಚಿತ್ರವಾಗಿ ಕೇಳಿಸಿದರೂ ಸತ್ಯ, ಏಕೆಂದರೆ ಅದನ್ನು ಸುಳ್ಳಾಗಿಸಬಲ್ಲ ಸಂಖ್ಯೆಯೇ ಇಲ್ಲ. ಸಾಂಪ್ರದಾಯಿಕ ತರ್ಕವು 'ಎಲ್ಲ' ಎಂಬಲ್ಲಿ 'ಇದೆ' ಎಂಬುದನ್ನೂ ಸೇರಿಸಿಕೊಳ್ಳುತ್ತಿತ್ತು; ಆಧುನಿಕ ತರ್ಕವು ಅದನ್ನು ಕೈಬಿಟ್ಟಿದೆ.

== ಚಿಹ್ನೆಗಳ ಬಳಕೆ ==

∀, ∃ ಚಿಹ್ನೆಗಳನ್ನು ಸೂತ್ರಗಳಲ್ಲಿ ಬಳಸುವುದು ರೂಢಿ. ಗದ್ಯದ ನಡುವೆ ಪದಗಳಿಗೆ ಬದಲಾಗಿ ತುರುಕುವುದನ್ನು ಗಣಿತಜ್ಞರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಪರಿಮಾಣಕವನ್ನು ಅದು ಆಳುವ ಹೇಳಿಕೆಗೆ ಮೊದಲೇ ಬರೆಯಬೇಕು. ಸೂತ್ರವನ್ನು ಬರೆದು ಕೊನೆಯಲ್ಲಿ 'ಎಲ್ಲ ಕ ಬೆಲೆಗಳಿಗೆ' ಎಂದು ಸೇರಿಸಿದರೆ, ವಾಕ್ಯದಲ್ಲಿ ಇನ್ನೊಂದು ಪರಿಮಾಣಕವಿದ್ದಾಗ ಯಾವುದು ಮೊದಲು ಎಂಬುದು ಓದುಗನ ಊಹೆಗೆ ಉಳಿಯುತ್ತದೆ.